ಮಕ್ಕಳ ನಗೆಪದ್ಯಗಳಲ್ಲಿ ಶಬ್ದದಾಟ
(ಶಿಕ್ಷಕರ ಕೂಟದಲ್ಲಿ ಮಾಡಿದ ಭಾಷಣ)



ನ್ಯಾಯಾಲಯದಲ್ಲಿ ಶಬ್ದಕ್ಕೆ ಎರಡರ್ಥ ಬಂದರೆ ವ್ಯಾಜ್ಯ ಹುಟ್ಟುವದು. ಮಕ್ಕಳ ಪದ್ಯದಲ್ಲಿ ಬಂದರೆ ನಗೆ ಹುಟ್ಟುವದು. ವ್ಯಾಜ್ಯದಿಂದ ಬದುಕುವ ನಾನು ಇಂದು ನಗೆಯ ಪಕ್ಷವನ್ನು ವಹಿಸಿ ನಿಂತಿರುವೆನು. ಈ ನಗೆಯು ಅಲ್ಪವಾದುದಲ್ಲ. ಮಗುವಿಗೆ ತಾಯ್ನುಡಿಯು ನಿಜವಾಗಿ ಒಲಿದಿದೆಯೆಂಬುದಕ್ಕೆ ಇದೇ ಸಾಕ್ಷಿಯೆಂಬದು ನನ್ನ ವಾದ.

ನಮ್ಮ ಮನೆಯ ಮಕ್ಕಳನ್ನು ಎಬ್ಬಿಸಲು ಕಟ್ಟಿದ ನಾಲ್ಕು ಸಾಲುಗಳಿವು. ಕಾವ್ಯವೆಂದಲ್ಲ, ಉದಾಹರಣೆಗೆಂದು ಹೇಳುವೆನು:

ಏಳು ಮಗುವೇ, ಏಳು ಬಡಿಯಿತು,
ಹತ್ತು ಮೆಟ್ಟಿಲು ಹತ್ತು ನೀ;
ಆರು ದೋಸೆಯು ಆರಿಹೋದರೆ
ಆರು ತಿನ್ನುವರಾರನೂ?

‘ಏಳು’, ‘ಹತ್ತು’ ಎಂಬವು ಸಂಖ್ಯೆಗಳೂ ಅಹುದು, ಕ್ರಿಯೆಗಳೂ ಅಹುದು. ‘ಆರು’ ಎಂಬದಂತೂ ಸಂಖ್ಯೆಯಾಗಿ, ತಣಿಯುವದಾಗಿ, ‘ಯಾರು’ ಎಂಬ ಪ್ರಶ್ನೆಯಾಗಿ ಮೂರು ವೇಷ ಧರಿಸುವದು. ಇದನ್ನು ಮರಾಠಿಗಾಗಲಿ ಇಂಗ್ಲಿಷಿಗಾಗಲಿ ತಿರುಗಿಸಿರಿ. ಅರ್ಥ ಉಳಿದೀತು, ನಗೆ ಉಳಿಯದು. ಶಬ್ದದಾಟವು ಹುಟ್ಟಿದ ಭಾಷೆಯ ಸ್ವತ್ತು, ಅದಕ್ಕೆ ಹಸ್ತಾಂತರವಿಲ್ಲ.

9ನೆಯ ಶತಮಾನದ ‘ಕವಿರಾಜಮಾರ್ಗ’ದ ಕಾಲದಿಂದಲೂ ನಮ್ಮವರು ಅಲಂಕಾರಗಳನ್ನು ವಿವೇಚಿಸುತ್ತ ಬಂದಿರುವರು. ಒಂದೇ ರೂಪವು ಮರಳಿ ಮರಳಿ ಬಂದು ಬೇರೆ ಬೇರೆ ಅರ್ಥ ಕೊಟ್ಟರೆ ಯಮಕ. ಒಮ್ಮೆಯೇ ಬಂದು ಎರಡರ್ಥ ಕೊಟ್ಟರೆ ಶ್ಲೇಷ. ಯಮಕದಲ್ಲಿ ಎರಡು ಅರ್ಥಗಳೂ ಕಣ್ಣೆದುರಿಗಿರುವವು. ಶ್ಲೇಷದಲ್ಲಿ ಒಂದು ಅಡಗಿ ಕುಳಿತಿರುವದು. ಆದ್ದರಿಂದ ಚಿಕ್ಕ ಮಕ್ಕಳಿಗೆ ಮೊದಲು ಯಮಕವನ್ನು ಕೊಡಿರಿ, ಬೆಳೆದಂತೆ ಶ್ಲೇಷವನ್ನು ಕೊಡಿರಿ. ಎರಡರ್ಥಗಳೂ ಮಗುವಿಗೆ ಮೊದಲೇ ತಿಳಿದಿರಬೇಕು. ಅರ್ಥಕೋಶವನ್ನು ತೆರೆಯಿಸುವ ಶ್ಲೇಷವು ನಗಿಸದು. ‘ಕರಿ’ ಎಂದರೆ ಕಪ್ಪು, ಎಣ್ಣೆಯಲ್ಲಿ ಕರಿಯುವದು, ಇವೆರಡನ್ನೂ ಕೂಸು ಬಲ್ಲದು. ಆನೆಯೆಂಬ ಅರ್ಥವು ಮೇಲಿನ ತರಗತಿಗಿರಲಿ. ಇನ್ನು ಮಗುವಿನ ಹೆಸರು, ಜಾತಿ, ಮೈಯ ಕುಂದು, ಇವನ್ನು ಎಂದೂ ಆಟದ ವಸ್ತುವಾಗಿಸಬೇಡಿರಿ. ಒಬ್ಬನನ್ನು ಅಳಿಸಿ ಹತ್ತು ಜನರನ್ನು ನಗಿಸುವದು ವಿನೋದವಲ್ಲ.

ಇದು ಹಗುರವಾದ ಕೆಲಸವೆಂದು ಎಣಿಸದಿರಿ. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನೇರಿದ ಪಂಜೆ ಮಂಗೇಶರಾಯರು ಮಕ್ಕಳಿಗಾಗಿ ಬರೆಯುವದನ್ನು ಕಿರಿದೆಂದು ಬಗೆಯಲಿಲ್ಲ.

19ನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಕನ್ನಡ ಮಕ್ಕಳು ಶಾಲೆಯಲ್ಲಿ ಮರಾಠಿಯನ್ನೋದುತ್ತಿದ್ದರು. ಡೆಪ್ಯುಟಿ ಚೆನ್ನಬಸಪ್ಪನವರಂಥವರು ಶ್ರಮಿಸಿ ಕನ್ನಡ ಶಾಲೆಗಳನ್ನು ಬೆಳೆಸಿದರು. 1956ರ ನವೆಂಬರ 1ರಂದು ನಾಡೂ ಒಂದಾಯಿತು. ಆದರೆ ಇಂದು ಕನ್ನಡದ ಮನೆಗಳಲ್ಲಿಯೇ ‘ಏಳು’ ಎಂಬ ಸಂಖ್ಯೆಯನ್ನು ‘ಸೆವೆನ್’ ಎಂದೇ ಅರಿತ ಕೂಸುಗಳಿರುವವು. ಅವಕ್ಕೆ ನನ್ನ ಪದ್ಯದಲ್ಲಿ ಒಂದೇ ಅರ್ಥ. ನಗೆ ಎಲ್ಲಿಂದ ಬರಬೇಕು?

ಧಾರವಾಡದ ಕಡೆಗೆ ‘ಕೂಸು ಅಳಹತ್ತಿತು’ ಎಂದರೆ ಅಳತೊಡಗಿತು ಎಂದರ್ಥ. ಅದನ್ನು ಕೇಳಿದ ಮೈಸೂರಿನ ಹುಡುಗನು ‘ಅಳುವದಕ್ಕೆ ಯಾವ ಮರ ಹತ್ತಿತು?’ ಎಂದು ಕೇಳಿಯಾನು! ಕೇಳಲಿ; ಇಬ್ಬರೂ ನಗಲಿ; ಒಬ್ಬರ ಮಾತು ಇನ್ನೊಬ್ಬರದಾಗಲಿ. ಕಾಯಿದೆಯು ಗಡಿಗಳನ್ನು ಕೂಡಿಸಿತು. ನಾಲಗೆಗಳನ್ನು ಕೂಡಿಸುವ ಕೆಲಸವು, ಗುರುಗಳೇ, ನಿಮ್ಮ ಕೈಯಲ್ಲಿದೆ. ನಾಳೆ ತರಗತಿಯಲ್ಲಿ ಇಂಥ ಒಂದು ಪದ್ಯವನ್ನು ಹೇಳಿ ನೋಡಿರಿ. ಯಾವ ಮಗು ನಗಲಿಲ್ಲವೋ ಅದರ ಬಳಿ ಹೆಚ್ಚು ಹೊತ್ತು ಕುಳಿತುಕೊಳ್ಳಿರಿ.