ದಾರಿ ಯಾರು ಬಿಡಬೇಕು?

(ಇಟ್ಟಿಗಿಯಲ್ಲಿ ಹೊಸದಾಗಿ ಓದು ಕಲಿತ ಅಕ್ಕಂದಿರ ಮುಂದೆ ಆಡಿದ ಮಾತು)



ಇವತ್ತು ದಾರಿಯ ಬಗ್ಗೆ ಮಾತಾಡೋಣ. ನಾವು ದಿನಾ ನಡೆಯುವ ದಾರಿ. ಹೊಲಕ್ಕೆ ಹೋಗುವ ದಾರಿ, ನೀರಿಗೆ ಹೋಗುವ ದಾರಿ, ಜಾತ್ರೆಗೆ ಹೋಗುವ ದಾರಿ.

ನಮ್ಮ ಸೀಮೆಯ ಬಂಡಿದಾರಿಯಲ್ಲಿ ಬೆಳಗ್ಗೆ ನಿಂತು ನೋಡ್ರಿ. ಎಷ್ಟು ಮಂದಿ ಹೋಗ್ತಾರೆ! ಮಲ್ಲಿಗೆ ಬಿಡಿಸಲು ಹೊರಟ ಹೆಣ್ಣುಮಕ್ಕಳು. ಮೇವಿನ ಹೊರೆ ಹೊತ್ತ ಅಜ್ಜಿ. ಶಾಲೆಗೆ ಸೈಕಲ್ ತುಳಿಯುವ ಹುಡುಗಿ. ಎತ್ತಿನ ಬಂಡಿ. ಕುರಿ ಹಿಂಡು. ಕೆಲವು ಸಲ ಕುರಿಗಾರರ ಗಂಟುಮೂಟೆ ಹೊತ್ತ ಕುದುರೆ. ಇವರ ನಡುವೆ ಮೋಟರ್ ಸೈಕಲ್ಲು, ಟ್ರ್ಯಾಕ್ಟರು.

ದಾರಿ ಒಂದೇ. ಅಗಲ ಕಡಿಮೆ. ಎರಡೂ ಬದಿಗೆ ಜಾಲಿಮುಳ್ಳು. ಎದುರಾಬದುರು ಬಂದರೆ ಯಾರು ದಾರಿ ಬಿಡಬೇಕು?

ಹಿಂದಿನ ಕಾಲದ ಉತ್ತರ

ಹಿಂದೆ ಇದಕ್ಕೆ ಒಂದು ಉತ್ತರ ಇತ್ತು. "ಸಣ್ಣೋರು ದೊಡ್ಡೋರಿಗೆ ದಾರಿ ಬಿಡಬೇಕು." ದೊಡ್ಡೋರು ಅಂದರೆ ಯಾರು? ಜಮೀನು ಇದ್ದೋರು. ಮೇಲಿನ ಜಾತಿಯೋರು. ಗಂಡಸರು. ಅವರು ಬಂದರೆ ದಲಿತರು ಚಪ್ಪಲಿ ಕೈಯಲ್ಲಿ ಹಿಡಿದು ಬದಿಗೆ ನಿಲ್ಲಬೇಕಿತ್ತು. ಹೆಂಗಸರು ತಲೆ ಮೇಲೆ ಹೊರೆ ಇದ್ದರೂ ಮುಳ್ಳಿನೊಳಗೆ ಇಳಿಯಬೇಕಿತ್ತು.

ಕೆಲವು ಊರುಗಳಲ್ಲಿ ಆ ದಾರಿಗೆ ಕಾಲಿಡುವುದೇ ತಪ್ಪಾಗಿತ್ತು. ಕೇರಳದಲ್ಲಿ ವೈಕಂ ಎಂಬ ಊರಿದೆ. ಅಲ್ಲಿಯ ಶಿವನ ಗುಡಿಯ ಸುತ್ತಲಿನ ದಾರಿಗಳಲ್ಲಿ ದಲಿತರು, ಹಿಂದುಳಿದವರು ನಡೆಯುವಂತಿರಲಿಲ್ಲ. 1924ರಲ್ಲಿ ಜನ ಅಲ್ಲಿ ಸತ್ಯಾಗ್ರಹ ಹೂಡಿದರು. ಜೈಲಿಗೆ ಹೋದರು. ಹೆಣ್ಣುಮಕ್ಕಳೂ ಹೋರಾಡಿದರು. ಪೆರಿಯಾರ್ ಅವರ ಹೆಂಡತಿ ನಾಗಮ್ಮೈ ಅವರಲ್ಲಿ ಒಬ್ಬರು. 1925ರಲ್ಲಿ ಮೂರು ದಿಕ್ಕಿನ ದಾರಿಗಳು ಎಲ್ಲರಿಗೂ ತೆರೆದವು.

ಆಮೇಲೆ ದೇಶಕ್ಕೆ ಸಂವಿಧಾನ ಬಂತು. ಅದು 1950ರ ಜನವರಿ 26ರಂದು ಜಾರಿಯಾಯಿತು. ಅದರ 15ನೇ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟದ ಜೊತೆಗೆ ರಸ್ತೆಯ ಮಾತೂ ಇದೆ. ಜಾತಿ ನೋಡಿ, ಧರ್ಮ ನೋಡಿ, ಹೆಣ್ಣು ಗಂಡು ಎಂದು ನೋಡಿ ಯಾರನ್ನೂ ಸಾರ್ವಜನಿಕ ರಸ್ತೆಯಿಂದ ತಡೆಯುವಂತಿಲ್ಲ.

ಹಾಗಾದರೆ ಹಳೆಯ ಉತ್ತರ ಬಿದ್ದುಹೋಯಿತು. ಹೊಸ ಉತ್ತರ ಏನು?

ಯಾರಿಗೆ ನಿಲ್ಲುವುದು ಸುಲಭ?

ಹೊಸ ಉತ್ತರ ಬಹಳ ಸರಳ. ಯಾರಿಗೆ ನಿಲ್ಲುವುದು, ಸರಿಯುವುದು ಸುಲಭವೋ ಅವರು ದಾರಿ ಬಿಡಬೇಕು. ಯಾರಿಂದ ಬೇರೆಯವರಿಗೆ ಪೆಟ್ಟಾಗುವ ಭಯ ಇದೆಯೋ ಅವರು ಮೊದಲು ನಿಧಾನ ಮಾಡಬೇಕು.

ಅಮೆರಿಕದಂಥ ದೇಶಗಳಲ್ಲಿ ಗುಡ್ಡದ ದಾರಿಗಳಿವೆ. ಅಲ್ಲಿ ನಡೆಯುವವರು, ಸೈಕಲ್ಲಿನವರು, ಕುದುರೆ ಸವಾರರು ಒಂದೇ ದಾರಿಯಲ್ಲಿ ಹೋಗುತ್ತಾರೆ. ದಾರಿಯ ಬಾಯಲ್ಲಿ ಬೋರ್ಡು ಹಾಕಿರುತ್ತಾರೆ. ಸೈಕಲ್ಲಿನವರು ನಡೆಯುವವರಿಗೂ ಕುದುರೆಗೂ ದಾರಿ ಬಿಡಬೇಕು. ನಡೆಯುವವರು ಕುದುರೆಗೆ ದಾರಿ ಬಿಡಬೇಕು. ಇದು ಆ ಬೋರ್ಡಿನ ಮಾತು.

ಕುದುರೆಗೆ ಯಾಕೆ ಇಷ್ಟು ಮರ್ಯಾದೆ? ಸವಾರ ದೊಡ್ಡೋನು ಅಂತಲ್ಲ. ಕುದುರೆ ಬೆದರುವ ಪ್ರಾಣಿ. ಬೆದರಿದರೆ ಓಡುತ್ತದೆ, ಇಲ್ಲವೇ ಒದೆಯುತ್ತದೆ. ಅದರ ಕಣ್ಣು ತಲೆಯ ಎರಡು ಪಕ್ಕದಲ್ಲಿವೆ. ಸುತ್ತಲೂ ಬಹಳ ಕಾಣುತ್ತದೆ. ಆದರೆ ಬಾಲದ ಹಿಂದೆ ನೇರವಾಗಿ ಬರುವವರು ಕಾಣುವುದಿಲ್ಲ.

ನಮ್ಮ ಎತ್ತುಗಳೂ ಹಾಗೆಯೇ. ಹಿಂದಿನಿಂದ ಸದ್ದಿಲ್ಲದೆ ಸೈಕಲ್ ಬಂದರೆ, ಇದ್ದಕ್ಕಿದ್ದಂತೆ ಹಾರ್ನ್ ಹೊಡೆದರೆ ಎತ್ತು ಬೆದರುತ್ತದೆ. ಬಂಡಿ ಹಳ್ಳಕ್ಕೆ ಬೀಳುತ್ತದೆ.

ಹಾಗಾದರೆ ದನ, ಕುದುರೆ ಇರುವಲ್ಲಿ ಹೇಗೆ ದಾಟಬೇಕು? ದೂರದಿಂದಲೇ ಮಾತಾಡಿಸಿ. "ಅಣ್ಣಾ, ಹಿಂದೆ ಬರಾಕತ್ತೀವಿ" ಅನ್ನಿ. ಮನುಷ್ಯರ ದನಿ ಕೇಳಿದರೆ ಪ್ರಾಣಿಗೆ ಸಮಾಧಾನ. ಹಗ್ಗ ಹಿಡಿದವರು "ಬರ್ರಿ" ಅಂದ ಮೇಲೆ ನಿಧಾನವಾಗಿ ದಾಟಿ. ಹಿಂಗಾಲಿನ ಹತ್ತಿರ ಹೋಗಬೇಡಿ.

ಹೊರೆ ಹೊತ್ತವರಿಗೆ ದಾರಿ

15 ಲೀಟರ್ ನೀರಿನ ಕೊಡ ಅಂದರೆ ನೀರೇ 15 ಕಿಲೋ. ಅದನ್ನು ತಲೆ ಮೇಲೆ ಹೊತ್ತವಳು ಥಟ್ಟನೆ ತಿರುಗಿದರೆ ಕುತ್ತಿಗೆ ಉಳುಕುತ್ತದೆ. ಮುಳ್ಳಿಗೆ ಇಳಿದರೆ ಕಾಲು ಜಾರುತ್ತದೆ. ಮೋಟರ್ ಸೈಕಲ್ಲಿನವನಿಗೆ ನಿಲ್ಲಲು ಏನು ಬೇಕು? ಬ್ರೇಕ್ ಹಿಡಿದರೆ ಸಾಕು. ಹಾಗಾದರೆ ಯಾರು ನಿಲ್ಲಬೇಕು? ನೀವೇ ಹೇಳಿ.

ಹೊರೆ ಹೊತ್ತವರು, ಬಸುರಿಯರು, ಕೂಸು ಎತ್ತಿಕೊಂಡವರು, ಕೋಲು ಹಿಡಿದ ಮುದುಕರು ಬಂದರೆ ಉಳಿದವರು ಸರಿಯಬೇಕು. ಗುಡ್ಡದ ದಾರಿಯಲ್ಲಿ ಏರುವವರಿಗೆ ಇಳಿಯುವವರು ದಾರಿ ಬಿಡಬೇಕು. ಏರುವವರಿಗೆ ದಮ್ಮು ಹತ್ತಿರುತ್ತದೆ. ಒಮ್ಮೆ ನಿಂತರೆ ಮತ್ತೆ ಹೆಜ್ಜೆ ಎತ್ತುವುದು ಕಷ್ಟ. ಇಕ್ಕಟ್ಟಾದ ಗುಡ್ಡದ ರಸ್ತೆಯಲ್ಲಿ ವಾಹನಗಳಿಗೂ ನಮ್ಮ ದೇಶದ ನಿಯಮ ಇದೇ.

ವೇಗದ ಲೆಕ್ಕವನ್ನೂ ತಿಳಿಯಿರಿ. ಗಾಡಿಯ ವೇಗ ಎರಡು ಪಟ್ಟಾದರೆ, ಬ್ರೇಕ್ ಹಿಡಿದ ಮೇಲೆ ಅದು ಓಡುವ ದೂರ ನಾಲ್ಕು ಪಟ್ಟಾಗುತ್ತದೆ. ಅದಕ್ಕೇ ಜನ ಇರುವ ದಾರಿಯಲ್ಲಿ ನಿಧಾನ ಬೇಕು.

ಕೈ ಎತ್ತಿದರೆ ನಿಲ್ಲಬೇಕು

ಬಹಳ ಮಂದಿಗೆ ಗೊತ್ತಿಲ್ಲದ ಒಂದು ಮಾತು ಹೇಳುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ 132ನೇ ಕಲಂ ಇದೆ. ದನ, ಕುರಿ, ಕುದುರೆ ಹೊಡೆದುಕೊಂಡು ಹೋಗುವವರಿಗೆ "ಈ ಗಾಡಿಗೆ ನನ್ನ ಪ್ರಾಣಿ ಬೆದರುತ್ತದೆ" ಅನಿಸಬಹುದು. ಆಗ ಅವರು ನಿಲ್ಲಿಸು ಎಂದು ಕೇಳಿದರೆ ಚಾಲಕ ಗಾಡಿ ನಿಲ್ಲಿಸಬೇಕು. ಬೇಕಾದಷ್ಟು ಹೊತ್ತು ನಿಂತೇ ಇರಬೇಕು.

ನೋಡಿದಿರಾ? ಎಮ್ಮೆ ಹೊಡೆದುಕೊಂಡು ಹೋಗುವ ನಮ್ಮ ಯಲ್ಲವ್ವ ಕೈ ಎತ್ತಿದರೆ ಲಾರಿ ನಿಲ್ಲಬೇಕು. ಇದು ಅವಳು ಬೇಡುವ ಭಿಕ್ಷೆಯಲ್ಲ. ಇದು ಕಾನೂನು.

"ಕೈ ಎತ್ತಿದರೆ ಅವರು ಬೈತಾರಲ್ರಿ" ಅಂತ ನೀವು ಕೇಳಬಹುದು. ಹೌದು, ಬೈಯುವವರು ಇದ್ದಾರೆ. ಒಬ್ಬಳೇ ಕೇಳಿದರೆ ಬೈದಾರು. ಊರಿನ ಹೆಂಗಸರೆಲ್ಲ ಕೇಳಿದರೆ? ಗ್ರಾಮಸಭೆಯಲ್ಲಿ ಎದ್ದು ಹೇಳಿದರೆ? ನೀವೀಗ ಬರೆಯಲು ಕಲಿತಿದ್ದೀರಿ. "ನೀರಿನ ದಾರಿಯಲ್ಲಿ ಟ್ರ್ಯಾಕ್ಟರು ಜೋರಾಗಿ ಓಡಿಸುತ್ತಾರೆ. ದಯವಿಟ್ಟು ತಡೆಯಿರಿ." ಎರಡು ಸಾಲು ಸಾಕು. ಎಲ್ಲರೂ ಸಹಿ ಹಾಕಿ ಪಂಚಾಯಿತಿಗೆ ಕೊಡಿ.

ಸೈಕಲ್ ಹತ್ತಿದ ಮೇಲೆ

ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ 1991ರ ಸಾಕ್ಷರತಾ ಆಂದೋಲನದಲ್ಲಿ ಹೆಂಗಸರು ಅಕ್ಷರದ ಜೊತೆಗೆ ಸೈಕಲ್ ಕಲಿತರು. ಕೂಲಿ ಮಾಡುವವರು, ಕಲ್ಲು ಕ್ವಾರಿಯಲ್ಲಿ ದುಡಿಯುವವರು ಕೂಡ ಕಲಿತರು. ನಮ್ಮ ರಾಜ್ಯದಲ್ಲಿ 2006-07ರಿಂದ ಎಂಟನೇ ತರಗತಿಯ ಬಡ ಹುಡುಗಿಯರಿಗೆ ಸರ್ಕಾರ ಸೈಕಲ್ ಕೊಡತೊಡಗಿತು. ದೂರದ ಹೈಸ್ಕೂಲು ಹತ್ತಿರವಾಯಿತು.

ಸಂತೋಷದ ಮಾತು. ಆದರೆ ಸೈಕಲ್ ಹತ್ತಿದ ಮೇಲೆ ನಾವೂ ದಾರಿ ಬಿಡುವವರಾಗುತ್ತೇವೆ. ನಡೆಯುವವರು ಕಂಡರೆ ದೂರದಿಂದ ಗಂಟೆ ಬಾರಿಸಿ. ಪಕ್ಕಕ್ಕೆ ಬಂದ ಮೇಲೆ ಬಾರಿಸಿದರೆ ಬೆಚ್ಚುತ್ತಾರೆ. ಕೊಡ ಹೊತ್ತವರು, ದನ ಎದುರಾದರೆ ಇಳಿದು ನಿಲ್ಲಿ. ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಇಳಿಯಿರಿ. ನಿಮ್ಮ ಮಕ್ಕಳಿಗೂ ಇದನ್ನು ಹೇಳಿಕೊಡಿ. ಮಗಳಿಗೆ ಹೇಳಿದಷ್ಟೇ ಮಗನಿಗೂ ಹೇಳಿ.

ಜಾತ್ರೆಯ ದಾರಿ

ಭರತ ಹುಣ್ಣಿಮೆ ಹೊತ್ತಿಗೆ ಮೈಲಾರದ ದಾರಿ ತುಂಬಿ ಹರಿಯುತ್ತದೆ. ಬಂಡಿ ಕಟ್ಟಿಕೊಂಡು ಬರುತ್ತಾರೆ, ನಡೆದು ಬರುತ್ತಾರೆ. ಕೊಟ್ಟೂರಿನ ತೇರಿಗೂ ದೂರದೂರದಿಂದ ಪಾದಯಾತ್ರೆ ಬರುತ್ತದೆ. ರಾತ್ರಿಯೂ ನಡೆಯುತ್ತಾರೆ.

ಡಾಂಬರು ರಸ್ತೆಯಲ್ಲಿ ನಡೆಯುವಾಗ ಬಲಬದಿಯ ಅಂಚಿನಲ್ಲಿ ನಡೆಯಿರಿ. ಆಗ ಹತ್ತಿರದ ಗಾಡಿ ಎದುರಿನಿಂದ ಬರುತ್ತದೆ. ಕಣ್ಣಿಗೆ ಕಾಣುತ್ತದೆ. ಸಾಲಾಗಿ ನಡೆಯಿರಿ. ಗುಂಪು ಕಟ್ಟಿ ರಸ್ತೆ ತುಂಬ ಹರಡಬೇಡಿ. ರಾತ್ರಿ ಬಿಳಿ ಬಟ್ಟೆ ಇರಲಿ. ಮುಂದಿನವರ, ಹಿಂದಿನವರ ಕೈಯಲ್ಲಿ ಬ್ಯಾಟರಿ ಇರಲಿ. ರಸ್ತೆಯ ಮೇಲೆ ಮಲಗಬೇಡಿ.

ನೆನಪಿಡಿ

ಮೋಟರ್ ಗಾಡಿ ಎಲ್ಲರಿಗೂ ದಾರಿ ಬಿಡಲಿ.
ಸೈಕಲ್ಲಿನವರು ನಡೆಯುವವರಿಗೆ, ದನಕರುಗಳಿಗೆ ಬಿಡಲಿ.
ಬರಿಗೈಯವರು ಹೊರೆ ಹೊತ್ತವರಿಗೆ ಬಿಡಲಿ.
ಇಳಿಯುವವರು ಏರುವವರಿಗೆ ಬಿಡಲಿ.
ದಾರಿ ಬಿಟ್ಟವರಿಗೆ ಒಂದು ಒಳ್ಳೆಯ ಮಾತು ಹೇಳಿ.

ನಾಳೆ ನೀರಿಗೆ ಹೋಗುವಾಗ ನಿಮ್ಮ ದಾರಿಯನ್ನು ಸರಿಯಾಗಿ ನೋಡಿ. ಯಾರು ನಿಲ್ಲುತ್ತಾರೆ? ಯಾರು ಮುಳ್ಳಿಗೆ ಇಳಿಯುತ್ತಾರೆ? ನಾಲ್ಕು ಸಾಲು ಬರೆದುಕೊಂಡು ಬನ್ನಿ. ಎಲ್ಲರೂ ಕೂತು ಓದೋಣ.