ಸ್ವಂತ ಉದ್ಯೋಗ ಮತ್ತು ಮನಸ್ಸಿನ ಅಳುಕು



ಸ್ವಂತ ಉದ್ಯೋಗ ಎಂದ ಕೂಡಲೇ ನಾವು ಬಂಡವಾಳದ ಮಾತು ಎತ್ತುತ್ತೇವೆ. ಬಂಡವಾಳಕ್ಕೂ ಮುಂಚೆ ಬಾಗಿಲಲ್ಲಿ ಅಡ್ಡ ನಿಲ್ಲುವುದು ಇನ್ನೊಂದಿದೆ. "ನಾನು ಇದಕ್ಕೆ ತಕ್ಕವಳಲ್ಲ, ಏನೋ ಅದೃಷ್ಟದಿಂದ ನಡೆಯುತ್ತಿದೆ, ಒಂದು ದಿನ ನನ್ನ ಬಣ್ಣ ಬಯಲಾಗುತ್ತದೆ" ಎಂಬ ಅಳುಕು ಅದು. ಇದನ್ನು ಇಂಪೋಸ್ಟರ್ ಸಿಂಡ್ರೋಮ್ ಎನ್ನುತ್ತಾರೆ.

1978ರಲ್ಲಿ ಅಮೆರಿಕದ ಪಾಲಿನ್ ಕ್ಲಾನ್ಸ್ ಮತ್ತು ಸುಝೇನ್ ಐಮ್ಸ್ ಎಂಬ ಇಬ್ಬರು ಮನಃಶಾಸ್ತ್ರಜ್ಞೆಯರು ಈ ಬಗ್ಗೆ ಮೊದಲ ಬಾರಿಗೆ ಬರೆದರು. ಓದಿನಲ್ಲೂ ವೃತ್ತಿಯಲ್ಲೂ ಮುಂದಿದ್ದ 150ಕ್ಕೂ ಹೆಚ್ಚು ಮಹಿಳೆಯರನ್ನು ಅವರು ಗಮನಿಸಿದ್ದರು. ಪದವಿ, ಗೌರವ ಎಲ್ಲ ಇದ್ದರೂ ಆ ಮಹಿಳೆಯರು ತಮ್ಮ ಯಶಸ್ಸನ್ನು ಅದೃಷ್ಟದ ಲೆಕ್ಕಕ್ಕೆ ಹಾಕುತ್ತಿದ್ದರು. ಗಂಡಸರಲ್ಲೂ ಈ ಅಳುಕು ಇದೆ ಎಂದು ಮುಂದೆ ತಿಳಿದುಬಂತು. ಇದು ರೋಗವಲ್ಲ. ಆ ಇಬ್ಬರೂ ಇದನ್ನು ರೋಗವೆಂದು ಕರೆದಿರಲಿಲ್ಲ.

ನಮ್ಮ ಹಳ್ಳಿಗಳಿಗೆ ಹಗಲುವೇಷದವರು ಬರುತ್ತಾರೆ. ಉರ್ದುವಿನಲ್ಲಿ ಅಂಥವರಿಗೆ ಬಹುರೂಪಿಯಾ ಎನ್ನುತ್ತೇವೆ. ತಾನು ಹಾಕಿದ್ದು ವೇಷ ಎಂದು ಅವನಿಗೆ ಚೆನ್ನಾಗಿ ಗೊತ್ತು. ಅಳುಕಿನವರ ಕಥೆ ತಿರುಗುಮುರುಗು. ಕೆಲಸ ನಿಜ, ಗಿರಾಕಿ ನಿಜ, ಹುನರ್ ನಿಜ. ಆದರೂ ತಾನು ವೇಷಧಾರಿ ಎಂದು ಭಾವಿಸುತ್ತಾರೆ.

ಈ ಭಾವನೆ ಮನಸ್ಸಿನಲ್ಲೇ ಉಳಿದರೆ ಚಿಂತೆಯಿಲ್ಲ. ಅದು ಗಲ್ಲಾಪೆಟ್ಟಿಗೆಗೆ ಕೈ ಹಾಕುತ್ತದೆ. ಒಂದು ಲೆಕ್ಕ ಮಾಡೋಣ. ಮನೆಯಲ್ಲಿ ಹೊಲಿಗೆ ಮಾಡುವ ಹೆಣ್ಣುಮಗಳೊಬ್ಬಳು ಒಂದು ಚೂಡಿದಾರ್‌ಗೆ 250 ರೂಪಾಯಿ ಕೇಳುತ್ತಾಳೆ ಎಂದುಕೊಳ್ಳಿ. ಅಸ್ತರು, ದಾರ, ಕರೆಂಟು ಸೇರಿ 120 ರೂಪಾಯಿ ಖರ್ಚು. ಉಳಿದದ್ದು 130. ನಾಲ್ಕು ಗಂಟೆ ದುಡಿದರೆ ಗಂಟೆಗೆ 33 ರೂಪಾಯಿಯೂ ಬೀಳಲಿಲ್ಲ. ಗಂಟೆಗೆ 70 ರೂಪಾಯಿ ಹಿಡಿದರೂ ದರ 400 ಆಗಬೇಕಿತ್ತು. ಅವಳ ಕೈಗೆ ಕಸುಬು ಬರುತ್ತದೆ, 400 ಎನ್ನಲು ಬಾಯಿ ಬರುವುದಿಲ್ಲ. "ನಾನೇನು ದೊಡ್ಡ ಟೈಲರಾ?" ಎಂಬ ಒಂದು ಮಾತಿಗೆ ಅವಳು ಒಂದೊಂದು ಬಟ್ಟೆಯ ಮೇಲೂ 150 ರೂಪಾಯಿ ತೆರುತ್ತಿದ್ದಾಳೆ.

ಈ ಮಾತು ಎಲ್ಲಿಂದ ಬಂತು? ಬಹಳ ಸಲ ಹೊರಗಿನವರು ಅಂದದ್ದೇ ನಮ್ಮ ಒಳಗಿನ ದನಿಯಾಗುತ್ತದೆ. "ನಿಮ್ಮ ಮನೆತನದಲ್ಲಿ ಯಾರು ವ್ಯಾಪಾರ ಮಾಡಿದ್ದಾರೆ?", "ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ?" ಎಂದು ಕೇಳಿ ಕೇಳಿ ನಾವೂ ಹಾಗೇ ಅಂದುಕೊಳ್ಳುತ್ತೇವೆ.

ಕಿರಣ್ ಮಜುಂದಾರ್ ಷಾ ಆಸ್ಟ್ರೇಲಿಯಾದಲ್ಲಿ ಧಾನ್ಯ ಹುದುಗಿಸುವ ತಂತ್ರಜ್ಞಾನ ಕಲಿತು ಬಂದರು. ಅದು ಗಂಡಸರ ಕೆಲಸವೆಂದು ಭಾರತದಲ್ಲಿ ಅವರಿಗೆ ಆ ಹುದ್ದೆ ಸಿಗಲಿಲ್ಲ. 1978ರಲ್ಲಿ ಬೆಂಗಳೂರಿನ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ 10,000 ರೂಪಾಯಿಯಿಂದ ಬಯೋಕಾನ್ ಆರಂಭಿಸಿದರು. ಬ್ಯಾಂಕುಗಳು ಸಾಲ ಕೊಡಲು ಹಿಂಜರಿದವು. ಅವರು ಪರಂಗಿಯಿಂದ ಕಿಣ್ವ ತೆಗೆದು ಮಾರಿ ತೋರಿಸಿದರು. ವಯನಾಡಿನ ಕೂಲಿಕಾರ್ಮಿಕರ ಮಗ ಪಿ.ಸಿ. ಮುಸ್ತಫಾ ಆರನೆಯ ತರಗತಿಯಲ್ಲಿ ನಪಾಸಾದವರು. ಮುಂದೆ ಅವರೇ ಎಂಜಿನಿಯರಿಂಗ್ ಓದಿದರು, 2005ರಲ್ಲಿ ಸೋದರ ಸಂಬಂಧಿಗಳ ಜೊತೆ ಬೆಂಗಳೂರಿನ ಒಂದು ಪುಟ್ಟ ಅಡುಗೆಮನೆಯಲ್ಲಿ ಇಡ್ಲಿ-ದೋಸೆ ಹಿಟ್ಟಿನ ವ್ಯಾಪಾರ ತೊಡಗಿದರು. ಅದೇ ಐಡಿ ಫ್ರೆಶ್ ಫುಡ್. ಇತರರ ತೀರ್ಪನ್ನು ಇವರಿಬ್ಬರೂ ಕೊನೆಯ ತೀರ್ಪೆಂದು ಒಪ್ಪಲಿಲ್ಲ.

ಹಾಗಾದರೆ ಅಳುಕು ಬಂದಾಗ ಏನು ಮಾಡಬೇಕು? ಮೂರು ಮಾತು ಹೇಳುತ್ತೇನೆ.

ಒಂದು, ಒಂದು ನೋಟ್‌ಬುಕ್ ಇಡಿ. ಯಾವ ಕೆಲಸ, ಎಷ್ಟು ಖರ್ಚು, ಎಷ್ಟು ಬಂತು, ಯಾವ ಗಿರಾಕಿ ಮತ್ತೆ ಬಂದರು ಎಂದು ಬರೆಯಿರಿ. ಮೂರು ಸಲ ಮರಳಿ ಬಂದ ಗಿರಾಕಿಯನ್ನು ಅದೃಷ್ಟ ಎನ್ನಲಾಗದು.

ಎರಡು, "ನನಗೆ ಗೊತ್ತಿಲ್ಲ" ಎಂಬುದನ್ನೂ "ನಾನು ಅಯೋಗ್ಯ" ಎಂಬುದನ್ನೂ ಬೆರೆಸಬೇಡಿ. ಮೊದಲನೆಯದು ಕಲಿತರೆ ಹೋಗುತ್ತದೆ. ಎಲ್ಲ ಅನುಮಾನವೂ ಸುಳ್ಳಲ್ಲ. ತಿಂಡಿ ಮಾರುವವರು ಆಹಾರ ಸುರಕ್ಷತೆಯ ನೋಂದಣಿ ತಿಳಿಯದಿದ್ದರೆ ಅದನ್ನು ತಿಳಿಯಲೇಬೇಕು. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. 2015ರಲ್ಲಿ ಬಂದ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡಮಾನವಿಲ್ಲದೆ ಸಾಲಕ್ಕೆ ಅರ್ಜಿ ಹಾಕಬಹುದು. ಅರ್ಜಿ ಹಾಕುವುದೇ ಬೇಡವೆಂದು ನಮಗೆ ನಾವೇ ತಿರಸ್ಕಾರದ ಮೊಹರು ಒತ್ತಿಕೊಳ್ಳುವುದು ಬೇಡ.

ಮೂರು, ಅಳುಕನ್ನು ಬಾಯಿಬಿಟ್ಟು ಹೇಳಿ. ಅದೇ ಕಸುಬಿನ ಹಿರಿಯರ ಹತ್ತಿರ ಕೂತು ಕೇಳಿದರೆ ಅವರಿಗೂ ಮೊದಲ ಆರ್ಡರ್ ಬಂದಾಗ ಕೈ ನಡುಗಿದ್ದು ತಿಳಿದೀತು.

ಪಾಲಕರಲ್ಲಿ ಒಂದು ವಿನಂತಿ. ಮಕ್ಕಳು ನಾಲ್ಕು ಕಾಸು ಸಂಪಾದಿಸಿ ತಂದಾಗ "ನಿನ್ನ ನಸೀಬು ಚೆನ್ನಾಗಿದೆ" ಎಂದಷ್ಟೇ ಹೇಳಬೇಡಿ. "ನೀನು ದುಡಿದೆ, ಅದಕ್ಕೇ ಬಂತು" ಎಂದೂ ಹೇಳಿ.

ಧೈರ್ಯ ಬಂದ ಮೇಲೆ ಕೆಲಸ ಶುರುಮಾಡುತ್ತೇನೆ ಎನ್ನುವವರು ಕಾಯುತ್ತಲೇ ಇರುತ್ತಾರೆ. ಕೆಲಸ ಮಾಡುತ್ತಾ ಹೋದಂತೆ ಧೈರ್ಯ ತಾನಾಗಿ ಹಿಂದೆ ಬರುತ್ತದೆ.