ಮಂಡಿಯೂರಿದವನ ಹೆಸರೇನು?

(ಮಠದ ವಿದ್ಯಾಸಂಸ್ಥೆಗಳ ಸಮಾಜ ವಿಜ್ಞಾನ ಶಿಕ್ಷಕರಿಗಾಗಿ ನಡೆದ ಕಾರ್ಯಾಗಾರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ಸಂಘಟಕರು ನನಗೆ ಕೊಟ್ಟಿರುವ ವಿಷಯದ ಹೆಸರು ಬಲು ಉದ್ದ: ‘ಗುಲಾಮಗಿರಿ ವಿರೋಧಿ ಚಳವಳಿಯ ಚಿತ್ರ, ಪತ್ರಿಕೆ, ಪ್ರಚಾರ ಸಾಹಿತ್ಯವನ್ನು ತರಗತಿಯಲ್ಲಿ ಓದಿಸುವ ಬಗೆ’. ನಾನು ಹೇಳಬೇಕೆಂದಿರುವುದು ಅಷ್ಟು ಉದ್ದವಿಲ್ಲ. ಕೆಟ್ಟವರ ಪ್ರಚಾರವನ್ನು ಅನುಮಾನಿಸಲು ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಒಳ್ಳೆಯವರು ಒಳ್ಳೆಯ ಕೆಲಸಕ್ಕಾಗಿ ಮಾಡಿದ ಚಿತ್ರವನ್ನು ಪ್ರಶ್ನೆ ಕೇಳುತ್ತ ಓದುವುದನ್ನು ಮಾತ್ರ ಕಲಿಸಬೇಕಾಗುತ್ತದೆ. ಅದು ಕಷ್ಟದ ಪಾಠ. ಆ ಪಾಠಕ್ಕೆ ಗುಲಾಮಗಿರಿ ವಿರೋಧಿ ಚಳವಳಿಗಿಂತ ಒಳ್ಳೆಯ ಸಾಮಗ್ರಿ ನನಗೆ ಬೇರೆ ಸಿಕ್ಕಿಲ್ಲ.

ಮೊದಲ ಚಿತ್ರದಿಂದಲೇ ಶುರು ಮಾಡೋಣ. 1787ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಗುಲಾಮರ ವ್ಯಾಪಾರವನ್ನು ನಿಲ್ಲಿಸಲು ಒಂದು ಸಂಘ ಹುಟ್ಟಿತು. ಅದೇ ವರ್ಷ ಜೋಸಯ್ಯ ವೆಜ್‌ವುಡ್ ಎಂಬ ಹೆಸರಾಂತ ಪಿಂಗಾಣಿ ತಯಾರಕ ಆ ಸಂಘಕ್ಕಾಗಿ ಒಂದು ಬಿಲ್ಲೆ ಮಾಡಿಸಿದ. ನಮ್ಮ ಒಂದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು. ಬಿಳಿಯ ಹಿನ್ನೆಲೆ, ಅದರ ಮೇಲೆ ಉಬ್ಬಿದ ಕಪ್ಪು ಆಕೃತಿ: ಒಂದು ಮಂಡಿಯೂರಿದ ಆಫ್ರಿಕದ ಮನುಷ್ಯ, ಕೈಕಾಲಿಗೆ ಸರಪಳಿ, ಜೋಡಿಸಿ ಮೇಲೆತ್ತಿದ ಕೈ. ಸುತ್ತಲೂ ಒಂದು ಪ್ರಶ್ನೆ: ನಾನು ಮನುಷ್ಯನಲ್ಲವೇ, ಸಹೋದರನಲ್ಲವೇ?

ಇದು ಎಷ್ಟು ಹರಡಿತೆಂದರೆ ಶ್ರೀಮಂತರ ಮನೆಯ ಹೆಂಗಸರು ಬಳೆಗೆ, ತಲೆಪಿನ್ನಿಗೆ ಕೂಡಿಸಿಕೊಂಡರು, ಗಂಡಸರು ನಶ್ಯದ ಡಬ್ಬಿಯ ಮುಚ್ಚಳಕ್ಕೆ ಹಾಕಿಸಿಕೊಂಡರು. 1788ರಲ್ಲಿ ವೆಜ್‌ವುಡ್ ಇದರ ಒಂದು ಕಟ್ಟನ್ನು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್‌ಗೆ ಕಳಿಸಿದ. ಚೆನ್ನಾಗಿ ಬರೆದ ಕರಪತ್ರ ಮಾಡುವಷ್ಟೇ ಕೆಲಸವನ್ನು ಇದೂ ಮಾಡೀತು ಎಂಬ ಅರ್ಥದಲ್ಲಿ ಫ್ರಾಂಕ್ಲಿನ್ ಉತ್ತರ ಬರೆದ. ಆತ ಹೇಳಿದ್ದು ಸರಿಯೇ ಆಯಿತು.

ಈ ಚಿತ್ರವನ್ನು ತರಗತಿಯಲ್ಲಿ ತೋರಿಸಿದಾಗ ಮೊದಲು ಬರುವುದು ‘ಪಾಪ’ ಎಂಬ ಮಾತು. ಅದು ಸಹಜ. ಬಿಲ್ಲೆ ಮಾಡಿದವನಿಗೆ ಬೇಕಾಗಿದ್ದುದೂ ಅದೇ. ಪಾಠ ಅಲ್ಲಿಗೆ ಮುಗಿಯಬಾರದು. ನಾನು ಸುಮ್ಮನೆ ಕಾಯುತ್ತೇನೆ, ಬೋರ್ಡಿನ ಮೇಲೆ ಏನೂ ಬರೆಯುವುದಿಲ್ಲ. ಒಮ್ಮೆ ಒಂಬತ್ತನೇ ತರಗತಿಯ ಹುಡುಗನೊಬ್ಬ ಕೇಳಿದ: “ಸರ್, ಇವನ ಹೆಸರೇನು?” ಹೆಸರಿಲ್ಲ. ಅದು ಯಾವೊಬ್ಬನ ಭಾವಚಿತ್ರವೂ ಅಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೂಡಲೇ ಅಂದಳು: “ಸರಪಳಿ ಇನ್ನೂ ಬಿಚ್ಚಿಲ್ಲ, ಅಷ್ಟರಲ್ಲೇ ಕೈ ಮುಗೀಬೇಕಾ ಸರ್?” ಇಡೀ ಪಾಠ ಆ ಎರಡು ಪ್ರಶ್ನೆಗಳಲ್ಲೇ ಇತ್ತು. ಅವನು ಯಾರ ಮುಂದೆ ಮಂಡಿಯೂರಿದ್ದಾನೆ? ಬಿಲ್ಲೆಯೊಳಗೆ ಇನ್ನೊಬ್ಬ ಮನುಷ್ಯನಿಲ್ಲ. ಹಾಗಾದರೆ ಬಿಲ್ಲೆಯನ್ನು ಕೈಯಲ್ಲಿ ಹಿಡಿದು ನೋಡುತ್ತಿರುವವರ ಮುಂದೆ, ಬಿಡಿಸಬಲ್ಲವರ ಮುಂದೆ. ಚಿತ್ರ ನೋಡುಗನನ್ನು ಒಡೆಯನ ಜಾಗದಲ್ಲಿ ಕೂರಿಸಿ ಆಮೇಲೆ ದಯೆ ಕೇಳುತ್ತದೆ.

ಅದೇ ಲಂಡನ್ನಿನಲ್ಲಿ, ಎರಡೇ ವರ್ಷದ ನಂತರ, 1789ರಲ್ಲಿ ಒಲಾಡಾ ಇಕ್ವಿಯಾನೊ ತನ್ನ ಆತ್ಮಕಥೆ ಪ್ರಕಟಿಸಿದ. ಸ್ವತಃ ಗುಲಾಮನಾಗಿದ್ದು, ದುಡಿದು ಹಣ ಕೂಡಿಸಿ ತನ್ನನ್ನು ತಾನೇ ಕೊಂಡುಕೊಂಡವನು. ಪುಸ್ತಕದ ಶೀರ್ಷಿಕೆಯಲ್ಲೇ ‘ತಾನೇ ಬರೆದದ್ದು’ ಎಂದು ಹಾಕಿಸಿದ. ಮೊದಲ ಪುಟದ ಎದುರಿನ ಚಿತ್ರದಲ್ಲಿ ಅಂಗಿ ಕೋಟು ತೊಟ್ಟು, ಕೈಯಲ್ಲಿ ಬೈಬಲ್ ತೆರೆದು ಹಿಡಿದು, ಓದುಗನನ್ನು ನೇರವಾಗಿ ನೋಡುತ್ತಾನೆ. ಮುಂಗಡ ಹಣ ಕೊಟ್ಟ ಚಂದಾದಾರರ ಪಟ್ಟಿಯನ್ನೂ ಅದರಲ್ಲೇ ಅಚ್ಚು ಹಾಕಿಸಿದ. (ಚಂದಾ ಕೂಡಿಸುವ ಕಷ್ಟ ನಮ್ಮ ಪತ್ರಿಕೆಯ ಸಂಪಾದಕರಿಗೆ ಗೊತ್ತು, ಅವರು ನಗುತ್ತಿದ್ದಾರೆ.) ಈ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟುಬಿಡಿ. ವಿವರಣೆ ಬೇಡ, ಮಕ್ಕಳೇ ಹೇಳುತ್ತಾರೆ.

ಮುಂದಿನದು ಹಡಗಿನ ಚಿತ್ರ. ಲಿವರ್‌ಪೂಲಿನ ‘ಬ್ರೂಕ್ಸ್’ ಎಂಬ ಹಡಗಿನ ಒಳನಕ್ಷೆ, ಅದರೊಳಗೆ ಬೆಂಕಿಪೆಟ್ಟಿಗೆಯ ಕಡ್ಡಿಗಳ ಹಾಗೆ ಒತ್ತೊತ್ತಾಗಿ ಮಲಗಿಸಿದ ಮನುಷ್ಯರು. 1788ರಲ್ಲಿ ಸಂಸತ್ತು ಮಾಡಿದ ಕಾನೂನಿನಂತೆ ಆ ಹಡಗು 454 ಜನರನ್ನು ಒಯ್ಯಬಹುದಿತ್ತು. ಅದಕ್ಕೂ ಮೊದಲು ಒಂದು ಪ್ರಯಾಣದಲ್ಲಿ 609 ಜನರನ್ನು ತುಂಬಿಸಿದ್ದರೆಂದು ಅದರ ಕೆಳಗಿನ ಬರಹ ಹೇಳುತ್ತದೆ. ಒಬ್ಬ ಗಂಡಸಿಗೆ ಸಿಕ್ಕ ಜಾಗ ಆರು ಅಡಿ ಉದ್ದ, ಹದಿನಾರು ಅಂಗುಲ ಅಗಲ. ಇದನ್ನು ಬಾಯಲ್ಲಿ ಹೇಳಬೇಡಿ. ಸೀಮೆಸುಣ್ಣದಿಂದ ತರಗತಿಯ ನೆಲದ ಮೇಲೆ ಬರೆದು ಒಬ್ಬೊಬ್ಬರನ್ನೇ ಅದರೊಳಗೆ ನಿಲ್ಲಿಸಿ, ಸಾಕು. ಮಲಗಿಸಬೇಡಿ. ಆ ಸಂಕಟವನ್ನು ನಾಟಕ ಆಡಿಸುವುದು ನನಗೆ ಸರಿ ಕಾಣುವುದಿಲ್ಲ.

ಈ ನಕ್ಷೆಯ ಬಲ ಎಲ್ಲಿದೆ ಎಂದರೆ, ಅದು ಕೂಗಾಡುವುದಿಲ್ಲ. ಅಳತೆ ಸರ್ಕಾರದ್ದೇ. ನೌಕಾಪಡೆಯ ಅಧಿಕಾರಿಯೊಬ್ಬ ಲಿವರ್‌ಪೂಲಿಗೆ ಹೋಗಿ ಅಳೆದು ತಂದದ್ದು. ವ್ಯಾಪಾರಿಗಳು ಸುಳ್ಳೆನ್ನುವಂತಿರಲಿಲ್ಲ. ಇನ್ನು ಚಿತ್ರದಲ್ಲಿ ಏನಿಲ್ಲ ಎಂದು ಕೇಳಿ. ವಾಂತಿ ಇಲ್ಲ, ವಾಸನೆ ಇಲ್ಲ, ಅಳು ಇಲ್ಲ, ದಂಗೆ ಇಲ್ಲ. ಎಲ್ಲರದೂ ಒಂದೇ ಅಚ್ಚಿನ ದೇಹ. ಇಲ್ಲಿಯೂ ಹೆಸರಿಲ್ಲ.

ಹೀಗೆ ಬಿಟ್ಟುಹೋದದ್ದು ಸಣ್ಣ ಸಂಗತಿಯಲ್ಲ. 1791ರಲ್ಲಿ ಈಗಿನ ಹೈಟಿಯಲ್ಲಿ ಗುಲಾಮರೇ ಬಂಡೆದ್ದರು. 1831ರ ಕೊನೆಗೆ ಜಮೈಕಾದಲ್ಲಿ ಸ್ಯಾಮ್ಯುಯೆಲ್ ಶಾರ್ಪ್ ಮುಂದಾಳುತನದಲ್ಲಿ ದೊಡ್ಡ ದಂಗೆಯಾಯಿತು. ಬ್ರಿಟಿಷ್ ಸಂಸತ್ತು 1833ರಲ್ಲಿ ಗುಲಾಮಗಿರಿ ರದ್ದು ಮಾಡುವ ಕಾನೂನು ತಂದಾಗ ಒಡೆಯರಿಗೆ ಪರಿಹಾರವೆಂದು 2 ಕೋಟಿ ಪೌಂಡ್ ಕೊಟ್ಟಿತು. ದುಡಿದವರಿಗೆ ಬಿಡಿಗಾಸು ಇಲ್ಲ. ಒಂದು ಪಿಂಗಾಣಿ ಬಿಲ್ಲೆಯಿಂದ ಹೀಗಾಯಿತು ಎಂದು ನಾನು ವಾದಿಸುವುದಿಲ್ಲ. ಆದರೆ ನಲವತ್ತು ವರ್ಷ ಒಬ್ಬ ಮನುಷ್ಯ ಕೈಮುಗಿದದ್ದನ್ನೇ ನೋಡಿದ ಜನರಿಗೆ ಅವನಿಗೆ ಕೊಡಬೇಕಾದ ಬಾಕಿ ಇದೆ ಎಂದು ಹೊಳೆಯುವುದು ಕಷ್ಟ.

ಈಗ ಅಮೆರಿಕಕ್ಕೆ ಹೋಗೋಣ. ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ನನ್ನ ಇಷ್ಟದ ಪಾಠ ಇರುವುದು ಇಲ್ಲಿ. ಅಲ್ಲಿನ ದಕ್ಷಿಣದ ಪತ್ರಿಕೆಗಳಲ್ಲಿ ‘ಓಡಿಹೋಗಿದ್ದಾನೆ, ಹಿಡಿದುಕೊಟ್ಟವರಿಗೆ ಬಹುಮಾನ’ ಎಂಬ ಜಾಹೀರಾತುಗಳು ಬರುತ್ತಿದ್ದವು. ಕಳೆದುಹೋದ ಎಮ್ಮೆಗೆ ಹೇಳುವ ಹಾಗೆ ಗುರುತು ಹೇಳಬೇಕು: ಬೆನ್ನ ಮೇಲೆ ಚಾಟಿಯ ಬಾಸುಂಡೆ, ಕೆನ್ನೆಯ ಮೇಲೆ ಕಾಸಿದ ಕಬ್ಬಿಣದ ಮುದ್ರೆ, ಕುತ್ತಿಗೆಗೆ ಕಬ್ಬಿಣದ ಪಟ್ಟಿ. ಹೀಗೆ ಬರೆದವರು ಚಳವಳಿಗಾರರಲ್ಲ, ಒಡೆಯರೇ. 1839ರಲ್ಲಿ ಥಿಯೊಡೋರ್ ವೆಲ್ಡ್, ಅವನ ಪತ್ನಿ ಆಂಜೆಲಿನಾ ಗ್ರಿಮ್ಕೆ, ಆಕೆಯ ಅಕ್ಕ ಸಾರಾ, ಮೂವರೂ ಕೂಡಿ ದಕ್ಷಿಣದ ಸಾವಿರಾರು ಪತ್ರಿಕೆಗಳನ್ನು ಜಾಲಾಡಿ, ಇಂಥ ಜಾಹೀರಾತುಗಳನ್ನು ಕತ್ತರಿಸಿ ತೆಗೆದು ‘ಅಮೆರಿಕದ ಗುಲಾಮಗಿರಿ ಇದ್ದಂತೆ’ ಎಂಬ ಅರ್ಥದ ಹೆಸರಿಟ್ಟು ಪುಸ್ತಕ ಮಾಡಿದರು. ಅಕ್ಕತಂಗಿಯರು ಚಾರ್ಲ್ಸ್‌ಟನ್ನಿನ ಗುಲಾಮರಿದ್ದ ಮನೆಯಲ್ಲೇ ಹುಟ್ಟಿ, ಅದನ್ನು ಬಿಟ್ಟು ಬಂದವರು. ತಮ್ಮ ಕಡೆಯವರ ಮಾತನ್ನಷ್ಟೇ ನೆಚ್ಚದೆ ಎದುರಾಳಿಯ ಬಾಯಿಂದಲೇ ಸಾಕ್ಷಿ ಹೇಳಿಸಿದರು. ಹ್ಯಾರಿಯೆಟ್ ಬೀಚರ್ ಸ್ಟೋವ್ 1852ರಲ್ಲಿ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಬರೆದಾಗ ಈ ಪುಸ್ತಕ ಆಕೆಯ ನೆರವಿಗೆ ಬಂತು.

ಜಾಹೀರಾತನ್ನು ಮಕ್ಕಳ ಕೈಗೆ ಕೊಟ್ಟು ಎರಡು ಸಲ ಓದಿಸಿ. ಮೊದಲ ಸಲ ಗಾಯ ಕಾಣುತ್ತದೆ. ಎರಡನೇ ಸಲ ಮನುಷ್ಯ ಕಾಣುತ್ತಾನೆ. ಓದು ಬರಹ ಬಲ್ಲವನು, ಬಡಗಿ ಕೆಲಸದಲ್ಲಿ ನುರಿತವನು, ಮಾತಿನಲ್ಲಿ ಚತುರ, ಹೆಂಡತಿ ಇರುವ ಊರಿನ ಕಡೆ ಹೋಗಿರಬಹುದು ಎಂಬಂಥ ಗುರುತುಗಳನ್ನೂ ಒಡೆಯರು ಬರೆಯಬೇಕಾಗುತ್ತಿತ್ತು. ಗುಲಾಮರು ದಡ್ಡರು, ಇದ್ದಲ್ಲೇ ಸುಖವಾಗಿದ್ದಾರೆ ಎಂದು ಸಭೆಯಲ್ಲಿ ಭಾಷಣ ಬಿಗಿಯುತ್ತಿದ್ದ ವರ್ಗವೇ ಜಾಹೀರಾತಿನ ಅಂಕಣದಲ್ಲಿ ನಿಜ ಹೇಳಿತು. ಆಸ್ತಿ ವಾಪಸು ಬೇಕಾಗಿತ್ತಲ್ಲ!

ಫೋಟೋಗಳ ವಿಷಯ. 1863ರಲ್ಲಿ ಲೂಸಿಯಾನಾದ ತೋಟದಿಂದ ತಪ್ಪಿಸಿಕೊಂಡು ಸೈನ್ಯದ ಶಿಬಿರ ಸೇರಿದ ಒಬ್ಬನ ಬೆನ್ನಿನ ಫೋಟೋ ನೀವು ನೋಡಿರುತ್ತೀರಿ, ಬೆನ್ನ ತುಂಬ ಚಾಟಿಯ ಗುರುತು. ‘ಹಾರ್ಪರ್ಸ್ ವೀಕ್ಲಿ’ ಅದೇ ವರ್ಷ ಜುಲೈ 4ರ ಸಂಚಿಕೆಯಲ್ಲಿ ಅದನ್ನು ಮೂರು ಚಿತ್ರಗಳ ಕಥೆ ಮಾಡಿತು: ಹರಿದ ಬಟ್ಟೆಯಲ್ಲಿ ಬಂದವನು, ಬೆನ್ನು ತೋರಿಸುವವನು, ಸಮವಸ್ತ್ರ ತೊಟ್ಟ ಸೈನಿಕ. ಮೂರೂ ಒಬ್ಬನೇ ಮನುಷ್ಯನೇ ಎಂಬ ಬಗ್ಗೆ ಇತ್ತೀಚಿನ ಇತಿಹಾಸಕಾರರಿಗೆ ಅನುಮಾನವಿದೆ. ಬೆನ್ನಿನ ಗಾಯ ಸುಳ್ಳಲ್ಲ, ಆದರೆ ಪತ್ರಿಕೆ ಕಥೆಯನ್ನು ಅಂದಗೊಳಿಸಿರಬಹುದು. ಈ ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳಲು ಬರುವ ಮಗು ನಾಳೆ ಮೊಬೈಲಿನಲ್ಲಿ ಬಂದ ಚಿತ್ರವನ್ನು ಕಣ್ಣುಮುಚ್ಚಿ ನಂಬುವುದಿಲ್ಲ, ಕಣ್ಣುಮುಚ್ಚಿ ತಳ್ಳಿಹಾಕುವುದೂ ಇಲ್ಲ. ಎಂಟನೇ ತರಗತಿಗೆ ನಾನು ಈ ಫೋಟೋ ತೋರಿಸುವುದಿಲ್ಲ. ಹತ್ತನೆಯವರಿಗೂ ಮೊದಲು ಫ್ರೆಡರಿಕ್ ಡಗ್ಲಾಸ್‌ನನ್ನು ಪರಿಚಯಿಸಿ ಆಮೇಲೆ ತೋರಿಸುತ್ತೇನೆ.

ಮರುವರ್ಷ ಅದೇ ಪತ್ರಿಕೆ ಇನ್ನೊಂದು ಗುಂಪಿನ ಚಿತ್ರ ಹಾಕಿತು. ನ್ಯೂ ಆರ್ಲಿಯನ್ಸ್‌ನಲ್ಲಿ ಬಿಡುಗಡೆಯಾದವರ ಶಾಲೆಗಳಿಗೆ ಹಣ ಕೂಡಿಸಲು ಮಕ್ಕಳ ಫೋಟೋ ತೆಗೆಸಿ ಮಾರುತ್ತಿದ್ದರು. ಅವರಲ್ಲಿ ಹಲವರನ್ನು ಆರಿಸಿದ್ದು ಬಿಳಿಯರಂತೆಯೇ ಕಾಣುವ ಮಕ್ಕಳು ಎಂಬ ಕಾರಣಕ್ಕೆ. ನೋಡಿ, ಇವರೂ ಗುಲಾಮರಾಗಿದ್ದರು ಎಂದರೆ ಬಿಳಿಯ ಓದುಗರ ಕರುಳು ಚುರ್ ಎನ್ನಬೇಕು. ಚುರ್ ಎಂದಿತು, ಹಣ ಬಂತು, ಶಾಲೆ ನಡೆಯಿತು. ಹಾಗಾದರೆ ಕಪ್ಪು ಮಗುವಿನ ನೋವು ಸಾಲದೆ? ವರಾನ್ವೇಷಣೆಯ ಅಂಕಣದಲ್ಲಿ ‘ಬಿಳಿ ಬಣ್ಣದ ವಧು’ ಎಂದು ಓದುವ ನಮ್ಮ ಮಕ್ಕಳಿಗೆ ಈ ಪ್ರಶ್ನೆಯನ್ನು ವಿವರಿಸುವ ಅಗತ್ಯವೇ ಬರಲಿಲ್ಲ.

ಡಗ್ಲಾಸ್ 1838ರಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡವನು, 1847ರಲ್ಲಿ ರಾಚೆಸ್ಟರ್‌ನಲ್ಲಿ ‘ನಾರ್ತ್ ಸ್ಟಾರ್’ ಪತ್ರಿಕೆ ಕಟ್ಟಿದವನು. ಬಿಳಿಯ ಕಲಾವಿದರು ಕಪ್ಪು ಮನುಷ್ಯನ ಮುಖವನ್ನು ಇದ್ದಂತೆ ಬರೆಯಲಾರರು ಎಂದು 1849ರಲ್ಲಿ ತನ್ನ ಪತ್ರಿಕೆಯಲ್ಲೇ ಬರೆದ. ಅದನ್ನು ಬರೆದದ್ದು ತನ್ನ ಜನರನ್ನು ಹೊಗಳಲೆಂದೇ ಬಂದ ಪುಸ್ತಕವೊಂದರ ವಿಮರ್ಶೆಯಲ್ಲಿ, ಅದನ್ನು ಗಮನಿಸಿ. ಕ್ಯಾಮೆರಾವನ್ನು ಆತ ನಂಬಿದ. ಅವನ ಕನಿಷ್ಠ 160 ಬೇರೆ ಬೇರೆ ಫೋಟೋಗಳು ಈವರೆಗೆ ಸಿಕ್ಕಿವೆ, ಲಿಂಕನ್‌ಗಿಂತ ಹೆಚ್ಚು. ಒಳ್ಳೆಯ ಕೋಟು, ಬಿಗಿದ ತುಟಿ, ನಗು ಇಲ್ಲವೇ ಇಲ್ಲ ಎನ್ನಬೇಕು. ಸುಖವಾಗಿರುವ ನಗುಮುಖದ ಗುಲಾಮ ಎಂಬ ಕಟ್ಟುಕಥೆಗೆ ಆತ ಅಷ್ಟು ಜಾಗವನ್ನೂ ಕೊಡಲಿಲ್ಲ.

ನಿಮ್ಮಲ್ಲಿ ಒಬ್ಬರು ಬೆಳಿಗ್ಗೆ ಚಹಾದ ಹೊತ್ತಿನಲ್ಲಿ ನನ್ನನ್ನು ಕೇಳಿದರು: “ಒಳ್ಳೆ ಕೆಲಸ ಮಾಡಿದವರ ತಪ್ಪು ಹುಡುಕೋದನ್ನ ಮಕ್ಕಳಿಗೆ ಕಲಿಸಿದರೆ ಅವರಿಗೆ ಯಾರ ಮೇಲೂ ಗೌರವ ಉಳಿಯೋದಿಲ್ಲ, ಅಲ್ಲವಾ?” ನಾನು ಕಂಡದ್ದು ಬೇರೆ. ಡಗ್ಲಾಸ್ ತನ್ನ ಪರವಾಗಿದ್ದವರನ್ನೇ ಪ್ರಶ್ನಿಸಿದ, ಚಳವಳಿ ಬಿಡಲಿಲ್ಲ. ಮಂಡಿಯೂರಿದ ಚಿತ್ರವನ್ನು ಪ್ರಶ್ನಿಸಿದ ಆ ಹುಡುಗಿ ವೆಜ್‌ವುಡ್‌ನನ್ನು ಬೈಯಲಿಲ್ಲ. ಅವನ ಕಾಲದಲ್ಲಿ ಅಷ್ಟು ಮಾಡಿದ್ದೂ ದೊಡ್ಡದೇ ಎಂದು ಉತ್ತರ ಪತ್ರಿಕೆಯಲ್ಲಿ ಬರೆದಿದ್ದಳು.

ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ: ಇದೆಲ್ಲ ಅವರ ಕಥೆ, ನಮಗೇನು? ಇದಕ್ಕೆ ಒಂದು ಸಕ್ಕರೆ ಬಟ್ಟಲು ಸಾಕು. 1791ರಿಂದ ಬ್ರಿಟನ್ನಿನಲ್ಲಿ ಎಷ್ಟೋ ಮನೆಗಳು ಗುಲಾಮರು ಬೆಳೆದ ವೆಸ್ಟ್ ಇಂಡೀಸ್ ಸಕ್ಕರೆಯನ್ನು ಬಿಟ್ಟವು. ಹಾಗೆ ಬಿಟ್ಟವರು ಸುಮಾರು 3 ಲಕ್ಷ ಎಂದು ಚಳವಳಿಯ ಥಾಮಸ್ ಕ್ಲಾರ್ಕ್‌ಸನ್ ಅಂದಾಜು ಮಾಡಿದ್ದ. 1820ರ ದಶಕದ ಸಕ್ಕರೆ ಬಟ್ಟಲುಗಳ ಮೇಲೆ ಹೀಗೆ ಬರೆದಿರುತ್ತಿತ್ತು: ಇದು ಈಸ್ಟ್ ಇಂಡಿಯಾದ ಸಕ್ಕರೆ, ಗುಲಾಮರು ಮಾಡಿದ್ದಲ್ಲ. ಈಸ್ಟ್ ಇಂಡಿಯಾ ಎಂದರೆ ನಮ್ಮ ದೇಶ. ಆ ಸಕ್ಕರೆ ಹೆಚ್ಚಾಗಿ ಬಂಗಾಳದ ಕಡೆಯದು, ಅದನ್ನು ಬೆಳೆದವರ ಬಗ್ಗೆ ಆ ಮಾತು ನಿಜವಿದ್ದರೂ ಇರಬಹುದು. ಆದರೆ ಬಟ್ಟಲನ್ನು ನೋಡಿದವರು ಇಂಡಿಯಾದಲ್ಲಿ ಗುಲಾಮರೇ ಇಲ್ಲ ಎಂದುಕೊಂಡರೆ ತಪ್ಪು ಯಾರದು? ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿ ಬರೆದ ವರದಿ 1807ರಲ್ಲಿ ಲಂಡನ್ನಿನಲ್ಲೇ ಅಚ್ಚಾಗಿತ್ತು. ನಮ್ಮ ಕರಾವಳಿಯ ಗದ್ದೆಗಳಲ್ಲಿ ದುಡಿಯುತ್ತಿದ್ದ ಗುಲಾಮರ ವಿಷಯ ಅದರಲ್ಲಿ ಇತ್ತು. 1833ರ ಕಾನೂನು ಕಂಪನಿಯ ಆಳ್ವಿಕೆಯ ಪ್ರದೇಶಗಳನ್ನು ಹೊರಗೇ ಇಟ್ಟಿತು. ಇಲ್ಲಿ ಕಾನೂನು ಬಂದದ್ದು 1843ರಲ್ಲಿ. ಜ್ಯೋತಿಬಾ ಫುಲೆ 1873ರಲ್ಲಿ ‘ಗುಲಾಮಗಿರಿ’ ಪುಸ್ತಕವನ್ನು ಗುಲಾಮರನ್ನು ಬಿಡಿಸಿದ ಅಮೆರಿಕದ ಜನರಿಗೆ ಅರ್ಪಿಸಿದಾಗ ಅವರ ಕಣ್ಣಿದ್ದುದು ಇಲ್ಲಿನ ಬಾಕಿಯ ಮೇಲೆ.

ಗಂಟೆ ಹೊಡೆಯಿತು, ದಾಸೋಹಕ್ಕೆ ಕರೆಯುತ್ತಿದ್ದಾರೆ. ಪ್ರಸಾದದ ನಂತರ ಐದೈದು ಜನರ ತಂಡವಾಗಿ ಕೂಡೋಣ. ಪ್ರತಿ ತಂಡಕ್ಕೂ ಒಂದು ಜಾಹೀರಾತಿನ ಅನುವಾದ ಕೊಡುತ್ತೇನೆ. ಮೊದಲು ಒಡೆಯ ಏನು ಹೇಳಿದ್ದಾನೆ ಎಂದು ಬರೆಯಿರಿ. ಆಮೇಲೆ ಅದೇ ಹಾಳೆಯ ಹಿಂಬದಿಯಲ್ಲಿ, ಓಡಿಹೋದವನ ಬಗ್ಗೆ ಅವನಿಗೇ ತಿಳಿಯದೆ ಏನೇನು ಹೇಳಿಬಿಟ್ಟಿದ್ದಾನೆ ಎಂದು ಬರೆಯಿರಿ.